ಮೂಸಿ ಹೊಳೆಗೆ ಲೆಕ್ಕ ಹಾಕಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದರೆ ಸಾಕು, ನಮಗೆಲ್ಲ ಕನ್ನಂಬಾಡಿ ಕಟ್ಟೆ ಕಣ್ಮುಂದೆ ಬರುತ್ತೆ. ಗದ್ದೆಗೆ ನೀರು ಕೊಟ್ಟವರು, ಕಾರ್ಖಾನೆ ತಂದವರು ಅಂತ ಪಾಠದಲ್ಲಿ ಓದಿದ್ದೇವೆ. ಆದರೆ ಅದೇ ನೀರು ಊರನ್ನೇ ನುಂಗೋಕೆ ಬಂದರೆ ಏನು ಮಾಡಬೇಕು ಅಂತ ತೋರಿಸಿಕೊಟ್ಟವರೂ ಅವರೇ. ಈ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಸಲ ಅದನ್ನು ಬರೆದಿದ್ದೇನೆ.

ಅವರ ಹುಟ್ಟೂರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ. ನಮ್ಮ ಊರಿನ ಹಾಗೇ ಅದೂ ಒಂದು ಹಳ್ಳಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಾ ತಾವೂ ಓದಿದರು. 1881ರಲ್ಲಿ ಬಿ.ಎ. ಪಾಸಾಯಿತು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ 1903ರಲ್ಲಿ ತಾವೇ ಯೋಚಿಸಿ ಮಾಡಿದ ಹೊಸ ಥರದ ಗೇಟು ಹಾಕಿಸಿದರು. ನೀರು ಒಂದು ಮಟ್ಟ ಮುಟ್ಟುವ ತನಕ ಅದು ಮುಚ್ಚಿಕೊಂಡಿರುತ್ತೆ, ಮಟ್ಟ ಮೀರಿದರೆ ತಾನಾಗಿಯೇ ತೆರೆದುಕೊಳ್ಳುತ್ತೆ.

1908ರಲ್ಲಿ ಆ ಕೆಲಸ ಬಿಟ್ಟು ಅವರು ವಿದೇಶ ಪ್ರವಾಸಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ದೊಡ್ಡ ಅನಾಹುತ ಆಯಿತು. ಆ ಊರಿನ ಮಧ್ಯದಲ್ಲೇ ಮೂಸಿ ಅನ್ನೋ ಹೊಳೆ ಹರಿಯುತ್ತೆ. ಬಿಡದೆ ಸುರಿದ ಮಳೆಗೆ ಹೊಳೆ ಉಕ್ಕಿ ಮನೆಗಳೆಲ್ಲ ಕೊಚ್ಚಿಕೊಂಡು ಹೋದವು. ಸೇತುವೆಗಳು ಮುರಿದವು. ಸುಮಾರು 15,000 ಜನ ಸತ್ತರು ಅಂತ ಅಂದಾಜು. ಆಸ್ಪತ್ರೆ ಆವರಣದಲ್ಲಿದ್ದ ಒಂದು ಹುಣಸೆಮರ ಹತ್ತಿ ಕುಳಿತ ಸುಮಾರು 150 ಜನ ಬದುಕಿಕೊಂಡರು. ಅಷ್ಟು ದೊಡ್ಡ ರಾಜಧಾನಿಯಲ್ಲಿ ಅವರ ಪಾಲಿಗೆ ಒಂದು ಮರವೇ ಗತಿಯಾಯಿತು.

ನಿಜಾಮರು ಅರಮನೆ ಬಾಗಿಲು ತೆರೆಸಿದರು. ಮನೆ ಕಳೆದುಕೊಂಡವರಿಗೆ ಅನ್ನ, ಬಟ್ಟೆ ಕೊಡಿಸಿದರು. ಅದು ಒಳ್ಳೆಯ ಕೆಲಸವೇ. ಆದರೆ ಮುಂದಿನ ಸಲ ಮಳೆ ಬಂದರೆ ಏನು ಗತಿ? ಅದಕ್ಕೆ ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಹೇಳಿ ಕಳಿಸಿತು. ಪ್ರವಾಸ ಮುಗಿಸಿ ಬಂದ ಅವರು 1909ರಲ್ಲಿ ಹೈದರಾಬಾದಿಗೆ ಹೋದರು.

ಅಲ್ಲಿ ಅವರು ಮಾಡಿದ ಮೊದಲ ಕೆಲಸ ಕಟ್ಟೆ ಕಟ್ಟೋದಲ್ಲ, ಲೆಕ್ಕ ಹಾಕೋದು. ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು, ನೀರು ಯಾವ ದಾರಿಯಲ್ಲಿ ಬಂತು ಅಂತ ವಿಚಾರಿಸಿದರು. ಆಗ ಒಂದು ಸಂಗತಿ ಗೊತ್ತಾಯಿತು. ನಗರದ ಮೇಲ್ಭಾಗದಲ್ಲಿ, ಹೊಳೆಗೆ ನೀರು ಬರುವ ಪ್ರದೇಶದ ತುಂಬಾ ನೂರಾರು ಹಳ್ಳಿ ಕೆರೆಗಳಿದ್ದವು. ಆ ಮಳೆಗೆ ಇನ್ನೂರಕ್ಕೂ ಹೆಚ್ಚು ಕೆರೆ ಒಡೆದಿದ್ದವು. ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಗೆ ನುಗ್ಗುತ್ತೆ, ಅದೂ ಒಡೆಯುತ್ತೆ. ಹೀಗೆ ಕೆರೆಗಳ ನೀರೂ ಮಳೆ ನೀರಿನ ಜೊತೆ ಸೇರಿ ಒಂದೇ ಸಲ ಊರಿನ ಮೇಲೆ ಬಂದಿತ್ತು.

ಅಂಥ ಮಳೆ ಮತ್ತೆ ಬಂದೇ ಬರುತ್ತೆ ಅಂತ ತಿಳಿದೇ ಅವರು ಯೋಜನೆ ಮಾಡಿದರು. ನಗರದಿಂದ ಮೇಲೆ ಮೂಸಿಗೆ ಒಂದು, ಅದನ್ನು ಸೇರುವ ಈಸಿ ಹೊಳೆಗೆ ಒಂದು, ಹೀಗೆ ಎರಡು ಜಲಾಶಯ ಕಟ್ಟಬೇಕು ಅಂತ ಹೇಳಿದರು. ಇದು ಕೆಲಸ ಮಾಡೋ ರೀತಿ ಸುಲಭ. ಒಟ್ಟಿಗೆ ಬರುವ ನೀರನ್ನು ಹಿಡಿದಿಟ್ಟುಕೊಂಡು, ಹೊಳೆ ತಡೆಯುವಷ್ಟನ್ನು ಮಾತ್ರ ನಿಧಾನವಾಗಿ ಬಿಡಬೇಕು. ಹಾಗೆ ಹಿಡಿಯಬೇಕಾದರೆ ಜಲಾಶಯದಲ್ಲಿ ಮೊದಲೇ ಜಾಗ ಖಾಲಿ ಇರಬೇಕು. ಇದರ ಜೊತೆಗೆ ಹೊಳೆ ದಂಡೆ ಎತ್ತರಿಸೋದು, ಊರಿಗೆ ಒಳಚರಂಡಿ ಮಾಡಿಸೋದು, ಇವೂ ಅವರ ಯೋಜನೆಯಲ್ಲಿದ್ದವು.

ಆ ವರ್ಷವೇ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಅತ್ತ ಹೈದರಾಬಾದಿನಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಊರಿಗೆ ಕುಡಿಯುವ ನೀರು ಕೊಟ್ಟಿದ್ದೂ ಇವೇ. ಕೊಲ್ಲೋಕೆ ಬಂದ ನೀರನ್ನೇ ಕೊಡಕ್ಕೆ ತುಂಬಿಸಿದ ಹಾಗಾಯಿತು! 1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಬಂತು. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ದಾಟಿತ್ತು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿಗೆ ಮತ್ತೆ ಭಾರೀ ಮಳೆ ಬಂತು. ಎರಡು ದೊಡ್ಡ ಜಲಾಶಯ ಇದ್ದೂ ಬಡಾವಣೆಗಳು ಮುಳುಗಿದವು, ಜನ ಸತ್ತರು. ಯಾಕಂದ್ರೆ ಜಲಾಶಯದಿಂದ ಕೆಳಗೆ, ಊರೊಳಗೇ ಬಿದ್ದ ಮಳೆಯನ್ನು ಆ ಜಲಾಶಯ ಹಿಡಿಯೋಕೆ ಆಗಲ್ಲ. ಅದು ಹರಿಯಬೇಕಾದ ಕಾಲುವೆ, ಕೆರೆ ಅಂಗಳಗಳಲ್ಲಿ ಮನೆಗಳು ಎದ್ದಿದ್ದವು. ಬಾಲಾಪುರದ ಗುರ್ರಂ ಚೆರುವು ಅನ್ನೋ ಕೆರೆ ಒಡೆದು ನೀರು ಬಡಾವಣೆಗಳಿಗೆ ನುಗ್ಗಿತು. ನೂರಾ ಹನ್ನೆರಡು ವರ್ಷ ಆದಮೇಲೂ ಕೆರೆ ಒಡೆಯೋದು ನಿಂತಿರಲಿಲ್ಲ. ಒಬ್ಬರು ದೊಡ್ಡವರು ಒಂದು ಸಲ ಕಟ್ಟಿ ಕೊಟ್ಟರೆ ಸಾಲದು. ಆಮೇಲೆ ನೋಡಿಕೊಳ್ಳೋರು ಆ ಊರಿನವರೇ ಆಗಬೇಕು.

ಈಗ ನಮ್ಮ ಊರಿನ ಮಾತು. ನಮಗೂ ಕೆರೆ ಇದೆ, ಅದಕ್ಕೆ ಏರಿ ಇದೆ, ಕೋಡಿ ಇದೆ. ಹಿಂದೆ ನೀರುಗಂಟಿಗಳು ಏರಿ ಮೇಲೆ ಓಡಾಡಿ ಎಲ್ಲಿ ಬಿಲ ಬಿದ್ದಿದೆ, ಎಲ್ಲಿ ನೀರು ಜಿನುಗುತ್ತಿದೆ ಅಂತ ನೋಡುತ್ತಿದ್ದರು. ಈಗ ಅದನ್ನು ನಾವೂ ನೋಡಬಹುದು. ಏರಿ ಮೇಲೆ ಗಿಡ ಬೆಳೆದು ಬೇರು ಬಿಟ್ಟಿದೆಯಾ? ಕೋಡಿಯಲ್ಲಿ ಜಾಲಿ, ಕಸ ತುಂಬಿದೆಯಾ? ಕೆರೆ ಒಡೆದರೆ ಮೊದಲು ನೀರು ನುಗ್ಗೋದು ಯಾವ ಕೇರಿಗೆ? ಅಲ್ಲಿನ ಮುದುಕರು, ಎಳೆಮಕ್ಕಳನ್ನು ಯಾವ ಎತ್ತರದ ಜಾಗಕ್ಕೆ ಕರೆದೊಯ್ಯಬೇಕು? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಗುರುಗಳಿಗೆ ತೋರಿಸಿ, ಗ್ರಾಮಸಭೆಯಲ್ಲಿ ಕೊಡಬಹುದು. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತು ಕರೆಗೆ 112. ಈ ಎರಡು ನಂಬರು ಪ್ರತಿ ಮನೆಯ ಗೋಡೆ ಮೇಲೂ ಇರಲಿ.

ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. ಮೂಸಿ ಉಕ್ಕಿದ್ದು ಅದೇ ತಿಂಗಳ ಕೊನೆಯಲ್ಲಿ. ನಮ್ಮ ಕಡೆ ಹಿಂಗಾರು ಜೋರಾಗೋದೂ ಅದಾದ ಮೇಲೇ. ಈ ಸಲ ಅವತ್ತು ಅವರ ಪಟಕ್ಕೆ ಹಾರ ಹಾಕಿದ ಮೇಲೆ ಎಲ್ಲರೂ ಗುರುಗಳ ಜೊತೆ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ ಬರೋಣ. ಬರೆಯೋಕೆ ಹಾಳೆ, ಪೆನ್ಸಿಲು ತನ್ನಿ.