ಯೆಹೂದ್ಯರಾಗಿ ಬಾಳಿದ ಯೇಸುಸ್ವಾಮಿ

ಜನವರಿ 1ರಂದು ಧರ್ಮಸಭೆಯು ದೇವಮಾತೆ ಮರಿಯಮ್ಮನವರ ಮಹೋತ್ಸವವನ್ನು ಆಚರಿಸುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಅದೇ ದಿನವನ್ನು ಯೇಸುಸ್ವಾಮಿಯ ಸುನ್ನತಿಯ ಹಬ್ಬವೆಂದು ಕರೆಯಲಾಗುತ್ತಿತ್ತು. ಹಬ್ಬದ ಹೆಸರು ಬದಲಾಗಿದ್ದರೂ ಅಂದಿನ ಬಲಿಪೂಜೆಯಲ್ಲಿ ಓದಲಾಗುವ ಲೂಕನ ಶುಭಸಂದೇಶದ ಭಾಗದಲ್ಲಿ ಆ ಸಂಗತಿ ಇಂದಿಗೂ ಉಳಿದಿದೆ. ಹುಟ್ಟಿದ ಎಂಟನೆಯ ದಿನ ಶಿಶುವಿಗೆ ಸುನ್ನತಿ ಮಾಡಿ ಹೆಸರಿಟ್ಟರೆಂದು ಸಂತ ಲೂಕರು ತಿಳಿಸುತ್ತಾರೆ. ಅಬ್ರಹಾಮನ ಸಂತತಿಗೆ ದೇವರು ವಿಧಿಸಿದ ಒಡಂಬಡಿಕೆಯ ಗುರುತು ಅದು. ಯೇಸುಸ್ವಾಮಿ ಯೆಹೂದ್ಯರಾಗಿ ಹುಟ್ಟಿದರು, ಯೆಹೂದ್ಯರಾಗಿ ಬಾಳಿದರು, ಯೆಹೂದ್ಯರಾಗಿಯೇ ಪ್ರಾಣಬಿಟ್ಟರು. ಈ ಸತ್ಯವನ್ನು ಮರೆತಾಗಲೆಲ್ಲ ಕ್ರೈಸ್ತ ಲೋಕವು ಘೋರ ಅನ್ಯಾಯಗಳಿಗೆ ಕೈಹಾಕಿದೆ. ಆದ್ದರಿಂದ ಆ ಪುಣ್ಯ ಜೀವನವನ್ನು ಈ ದೃಷ್ಟಿಯಿಂದ ಒಮ್ಮೆ ಅವಲೋಕಿಸುವುದು ಉಚಿತವೆಂದು ಭಾವಿಸುತ್ತೇವೆ.

ಮಹಾ ಹೆರೋದ ಅರಸನು ಸಾಮಾನ್ಯವಾಗಿ ಒಪ್ಪಿರುವಂತೆ ಕ್ರಿ.ಪೂ. 4ರಲ್ಲಿ ಮರಣ ಹೊಂದಿದನು. ಯೇಸುವಿನ ಜನನ ಅದಕ್ಕೆ ಸ್ವಲ್ಪ ಮುಂಚೆಯೇ ಆಗಿರಬೇಕೆಂದು ಚರಿತ್ರಕಾರರು ಹೇಳುತ್ತಾರೆ. ಯೇಶುವ ಎಂಬುದು ಅವರ ಹೆಸರಿನ ಮೂಲರೂಪ. ಮೋಶೆಯ ಉತ್ತರಾಧಿಕಾರಿಗಿದ್ದ ಯೆಹೋಶುವ ಎಂಬ ಹೆಸರಿನ ಹ್ರಸ್ವರೂಪವದು. ದೇವರೇ ರಕ್ಷಣೆ ಎಂಬುದು ಅದರ ಭಾವ. ನಾವು ಕನ್ನಡದಲ್ಲಿ ಯೇಸು ಎನ್ನುವಾಗ ಆ ಮೂಲ ಧ್ವನಿಗೆ ಸಮೀಪದಲ್ಲಿಯೇ ಇರುತ್ತೇವೆ. ತಾಯಿಯ ಹೆಸರು ಮಿರ್ಯಾಮ್. ಮೋಶೆಯ ಸಹೋದರಿಯ ಹೆಸರೂ ಅದೇ. ಬಂಧುಗಳಾದ ಯಕೋಬ, ಯೋಸೆ, ಯೂದ, ಸಿಮೋನರ ಹೆಸರುಗಳೂ ಇಸ್ರಯೇಲರ ಪೂರ್ವಿಕರ ಹೆಸರುಗಳೇ. ಹೆರಿಗೆಯ ನಂತರದ ಶುದ್ಧೀಕರಣಕ್ಕಾಗಿ ತಂದೆತಾಯಿಗಳು ಜೆರುಸಲೇಮಿನ ಮಹಾದೇವಾಲಯಕ್ಕೆ ಹೋಗಿ ಅರ್ಪಿಸಿದ್ದು ಹಕ್ಕಿಗಳ ಜೋಡಿಯನ್ನು. ಕುರಿಮರಿಯನ್ನು ಕೊಡಲು ಶಕ್ತಿಯಿಲ್ಲದ ಬಡವರಿಗೆ ಧರ್ಮಶಾಸ್ತ್ರವು ವಿಧಿಸಿದ್ದ ಕಾಣಿಕೆ ಅದು. ಅದು ಬಡ ಕುಟುಂಬ, ಆದರೆ ಧರ್ಮನಿಷ್ಠ ಕುಟುಂಬ.

ಬಾಲ್ಯ ಕಳೆದದ್ದು ಗಲಿಲೇಯದ ನಜರೇತ್ ಎಂಬ ಸಣ್ಣ ಹಳ್ಳಿಯಲ್ಲಿ. ಮನೆಮಾತು ಅರಮಾಯಿಕ್, ಶಾಸ್ತ್ರದ ಭಾಷೆ ಹೀಬ್ರೂ. ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಯಾತ್ರೆ ಹೋಗುವುದು ಆ ಮನೆಯ ವಾಡಿಕೆಯಾಗಿತ್ತು. ಹನ್ನೆರಡರ ಹರೆಯದಲ್ಲಿ ಬಾಲ ಯೇಸು ಮಹಾದೇವಾಲಯದಲ್ಲಿಯೇ ಉಳಿದು ಪಂಡಿತರ ನಡುವೆ ಕುಳಿತು ಕೇಳುತ್ತ, ಪ್ರಶ್ನಿಸುತ್ತ ಇದ್ದ ಪ್ರಸಂಗ ನಮಗೆಲ್ಲ ಚಿರಪರಿಚಿತ. ಶಾಸ್ತ್ರವನ್ನು ಪ್ರಶ್ನೋತ್ತರಗಳ ಮೂಲಕ ಕಲಿಯುವುದು ಯೆಹೂದ್ಯ ಪರಂಪರೆಯ ರೀತಿ.

ತಿಬೇರಿಯಸ್ ಚಕ್ರವರ್ತಿಯ ಆಳ್ವಿಕೆಯ ಹದಿನೈದನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 28ರ ಸುಮಾರಿಗೆ, ಸ್ನಾನಿಕ ಯೊವಾನ್ನರು ಜೋರ್ಡನ್ ನದಿಯ ತೀರದಲ್ಲಿ ಬೋಧಿಸಲಾರಂಭಿಸಿದರು. ಅವರಿಂದ ಸ್ನಾನದೀಕ್ಷೆ ಪಡೆದ ಯೇಸುಸ್ವಾಮಿ ಮೊದಲು ಬೋಧಿಸಿದ್ದು ಗಲಿಲೇಯದ ಪ್ರಾರ್ಥನಾಮಂದಿರಗಳಲ್ಲಿ. ಸಬ್ಬತ್ ದಿನ ಅಲ್ಲಿಗೆ ಹೋಗುವುದು ಅವರ ಪದ್ಧತಿಯಾಗಿತ್ತು. ತಮ್ಮ ಊರಾದ ನಜರೇತಿನಲ್ಲಿ ಅವರು ಎದ್ದುನಿಂತು ಓದಿದ್ದು ಪ್ರವಾದಿ ಯೆಶಾಯನ ಸುರುಳಿಯನ್ನು. ಅವರ ಉಡುಪಿನ ಅಂಚಿಗೆ ಮೋಶೆಯ ಕಟ್ಟಳೆಯಂತೆ ಗೊಂಡೆಗಳಿದ್ದವು. ರಕ್ತಸ್ರಾವದಿಂದ ಬಳಲುತ್ತಿದ್ದ ಮಹಿಳೆ ನಂಬಿಕೆಯಿಂದ ಮುಟ್ಟಿದ್ದು ಆ ಅಂಚನ್ನೇ. ಕುಷ್ಠರೋಗಿಯನ್ನು ಗುಣಪಡಿಸಿದಾಗ ಯಾಜಕನ ಬಳಿಗೆ ಹೋಗಿ ಶಾಸ್ತ್ರೋಕ್ತ ಕಾಣಿಕೆಯನ್ನು ಸಲ್ಲಿಸಲು ಆತನಿಗೆ ಆಜ್ಞಾಪಿಸಿದರು. ಆಜ್ಞೆಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಹಳೆಯ ಒಡಂಬಡಿಕೆಯದೇ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕೆಂಬುದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ್ದು, ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬುದು ಯಾಜಕಕಾಂಡದ 19ನೆಯ ಅಧ್ಯಾಯದ್ದು. ಇವುಗಳಲ್ಲಿ ಮೊದಲನೆಯದನ್ನು ಯೆಹೂದ್ಯ ಭಕ್ತರು ಬೆಳಿಗ್ಗೆ ಮತ್ತು ಸಂಜೆ ಇಂದಿಗೂ ಪಠಿಸುತ್ತಾರೆ.

ಹಾಗಾದರೆ ಫರಿಸಾಯರೊಡನೆ ಅವರಿಗೆ ನಡೆದ ವಾಗ್ವಾದಗಳ ಗತಿಯೇನೆಂದು ಓದುಗರು ಕೇಳಬಹುದು. ಆ ಕಾಲದಲ್ಲಿ ಶಾಸ್ತ್ರಾರ್ಥದ ಬಗ್ಗೆ ಚರ್ಚೆ ಎಲ್ಲೆಡೆ ನಡೆಯುತ್ತಿತ್ತು. ಹಿಲ್ಲೇಲ್ ಮತ್ತು ಶಮ್ಮಾಯಿ ಎಂಬ ಪಂಡಿತರ ಶಿಷ್ಯವರ್ಗಗಳು ವಿವಾಹ ವಿಚ್ಛೇದನವೇ ಮೊದಲಾದ ವಿಷಯಗಳಲ್ಲಿ ತೀವ್ರವಾಗಿ ಭಿನ್ನಾಭಿಪ್ರಾಯ ಹೊಂದಿದ್ದವು. ಸಬ್ಬತ್ ದಿನ ರೋಗಿಯನ್ನು ಗುಣಪಡಿಸಬಹುದೇ, ಊಟಕ್ಕೆ ಮುನ್ನ ಕೈ ತೊಳೆಯುವ ಸಂಪ್ರದಾಯಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆಗಳು ಒಂದೇ ಮನೆಯೊಳಗಿನ ವಾದಗಳಾಗಿದ್ದವು. ಸತ್ತವರ ಪುನರುತ್ಥಾನದ ವಿಷಯದಲ್ಲಿ ಯೇಸುಸ್ವಾಮಿ ಮತ್ತು ಫರಿಸಾಯರು ಒಂದೇ ಪಕ್ಷ. ಅದನ್ನು ಅಲ್ಲಗಳೆದವರು ಸದ್ದುಕಾಯರು. ಹೆರೋದ ಅಂತಿಪನು ಕೊಲ್ಲಲು ಹವಣಿಸುತ್ತಿದ್ದಾನೆಂದು ಅವರಿಗೆ ಮುನ್ನೆಚ್ಚರಿಕೆ ನೀಡಿದವರು ಕೆಲವು ಫರಿಸಾಯರೇ ಎಂಬುದನ್ನು ಸಂತ ಲೂಕರು ದಾಖಲಿಸಿದ್ದಾರೆ. ರಾತ್ರಿಯಲ್ಲಿ ಬಂದು ಮಾತನಾಡಿದ ನಿಕೊದೇಮನೂ ಫರಿಸಾಯನೇ.

ಯೇಸುಸ್ವಾಮಿ ಪರ್ಣಕುಟೀರಗಳ ಹಬ್ಬಕ್ಕೂ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬಕ್ಕೂ ಜೆರುಸಲೇಮಿನಲ್ಲಿದ್ದರೆಂದು ಸಂತ ಯೊವಾನ್ನರು ತಿಳಿಸುತ್ತಾರೆ. ಕೊನೆಯ ಭೋಜನವನ್ನು ಮೊದಲ ಮೂರು ಶುಭಸಂದೇಶಗಳು ಪಾಸ್ಕ ಭೋಜನವೆಂದೇ ವರ್ಣಿಸುತ್ತವೆ. ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಎತ್ತಿಕೊಂಡು ದೇವರಿಗೆ ಸ್ತೋತ್ರ ಸಲ್ಲಿಸುವುದು ಯೆಹೂದ್ಯರ ಊಟದ ಮೇಜಿನ ಪ್ರಾರ್ಥನೆ. ಅದೇ ಮೇಜಿನಿಂದ ನಮಗೆ ಪರಮಪ್ರಸಾದ ದೊರೆಯಿತು.

ಮಹಾದೇವಾಲಯದ ಆಡಳಿತ ನಡೆಸುತ್ತಿದ್ದ ಪ್ರಧಾನ ಯಾಜಕ ಕಾಯಫ ಮತ್ತು ಅವನ ಗುಂಪು ಯೇಸುಸ್ವಾಮಿಯನ್ನು ಹಿಡಿದೊಪ್ಪಿಸಿತು. ಆದರೆ ಮರಣದಂಡನೆ ವಿಧಿಸಿದವನು ಕ್ರಿ.ಶ. 26ರಿಂದ 36ರವರೆಗೆ ಜುದೇಯವನ್ನಾಳಿದ ರೋಮನ್ ಅಧಿಪತಿ ಪೊಂತಿಯುಸ್ ಪಿಲಾತ. ಶಿಲುಬೆಯೂ ರೋಮನ್ ಶಿಕ್ಷೆ. ಅವರನ್ನು ಯೆಹೂದ್ಯರ ಅರಸನೆಂದು ಸಾರುವ ದೋಷಫಲಕವನ್ನು ಹೀಬ್ರೂ, ಲತೀನ್, ಗ್ರೀಕ್ ಭಾಷೆಗಳಲ್ಲಿ ಬರೆದು ಶಿಲುಬೆಯ ಮೇಲೆ ಹಚ್ಚಲಾಯಿತು. ಯಾತನೆಯ ನಡುವೆ ಅವರು ಕೂಗಿ ಹೇಳಿದ್ದು 22ನೆಯ ಕೀರ್ತನೆಯ ಮೊದಲ ಮಾತುಗಳನ್ನು. ಸಬ್ಬತ್ ಆರಂಭವಾಗುವ ಮುನ್ನ ನ್ಯಾಯಸಭೆಯ ಸದಸ್ಯನೇ ಆಗಿದ್ದ ಅರಿಮತಾಯದ ಜೋಸೆಫನು ದೇಹವನ್ನು ಸಮಾಧಿ ಮಾಡಿದನು. ಪರಿಮಳದ್ರವ್ಯ ಸಿದ್ಧಪಡಿಸಿದ್ದ ಮಹಿಳೆಯರು ಕೂಡ ಸಬ್ಬತ್ ಮುಗಿಯುವವರೆಗೆ ಕಾದರು. ಮೂರನೆಯ ದಿನದ ಮುಂಜಾನೆ ಆ ಸಮಾಧಿ ಬರಿದಾಗಿದ್ದುದನ್ನು ಮೊದಲು ಕಂಡವರೂ ಅವರೇ.

ಶಿಷ್ಯರು ಪುನರುತ್ಥಾನವನ್ನು ಸಾರುತ್ತಲೇ ಮಹಾದೇವಾಲಯಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಅನ್ಯಜನರು ವಿಶ್ವಾಸಿಗಳಾಗಲು ಸುನ್ನತಿ ಅಗತ್ಯವಿಲ್ಲವೆಂದು ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನ ಸಭೆ ತೀರ್ಮಾನಿಸಿತು. ಆ ಬಾಗಿಲಿನಿಂದಲೇ ನಾವೆಲ್ಲ ಒಳಗೆ ಬಂದವರು. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯವು ಮಹಾದೇವಾಲಯವನ್ನು ನಾಶಪಡಿಸಿದ ಮೇಲೆ ಎರಡು ಸಮುದಾಯಗಳ ಹಾದಿಗಳು ಕ್ರಮೇಣ ಬೇರೆಯಾದವು. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನೆಂಬವನು ಹಳೆಯ ಒಡಂಬಡಿಕೆಯನ್ನೇ ತೊರೆಯಬೇಕೆಂದಾಗ ಧರ್ಮಸಭೆ ಅವನನ್ನು ಬಹಿಷ್ಕರಿಸಿತು.

ಗ್ರಂಥವನ್ನು ಉಳಿಸಿಕೊಂಡ ಕ್ರೈಸ್ತ ಲೋಕ ಆ ಗ್ರಂಥದ ಜನರನ್ನು ಮಾತ್ರ ದ್ವೇಷಿಸಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಯೆಹೂದ್ಯರು ಬೇರೆ ಬಗೆಯ ಉಡುಪು ಧರಿಸಬೇಕೆಂದು ವಿಧಿಸಿತು. 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಅವರನ್ನು ಹೊರಗಟ್ಟಲಾಯಿತು. ಕ್ರಿಸ್ತರ ಮರಣಕ್ಕೆ ನಮ್ಮೆಲ್ಲರ ಪಾಪಗಳೇ ಕಾರಣವೆಂದು 1566ರ ಟ್ರೆಂಟ್ ಧರ್ಮೋಪದೇಶವು ಸ್ಪಷ್ಟವಾಗಿ ಬೋಧಿಸಿದ್ದರೂ ಜನರ ಮನಸ್ಸು ಬದಲಾಗಲಿಲ್ಲ. ನಾಜಿ ಜರ್ಮನಿಯಲ್ಲಂತೂ ಯೇಸು ಯೆಹೂದ್ಯನೇ ಅಲ್ಲ, ಆರ್ಯನೆಂದು ವಾದಿಸಿದ ಕ್ರೈಸ್ತ ವಿದ್ವಾಂಸರಿದ್ದರು. ಅದಕ್ಕೆಂದೇ 1939ರಲ್ಲಿ ಐಸೆನಾಖ್ ನಗರದಲ್ಲಿ ಪ್ರೊಟೆಸ್ಟಂಟ್ ಪಂಡಿತರ ಸಂಸ್ಥೆಯೊಂದು ಸ್ಥಾಪನೆಯಾಯಿತು. ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರು ಆ ಆಡಳಿತದ ಕ್ರೌರ್ಯಕ್ಕೆ ಬಲಿಯಾದರು. ಮಿರ್ಯಾಮ್ ಮತ್ತು ಯೇಶುವ ಆ ಕಾಲದಲ್ಲಿ ಅಲ್ಲಿದ್ದಿದ್ದರೆ ಅವರನ್ನೂ ಅದೇ ರೈಲುಗಳಿಗೆ ಹತ್ತಿಸಲಾಗುತ್ತಿತ್ತು ಎಂಬುದನ್ನು ನೆನೆದಾಗ ಮೈ ನಡುಗುತ್ತದೆ.

ಆತ್ಮಿಕವಾಗಿ ನಾವೂ ಆ ವಂಶದವರೆಂದು ಜಗದ್ಗುರು ಹನ್ನೊಂದನೇ ಪಯಸ್‌ರವರು 1938ರಲ್ಲಿಯೇ ಬೆಲ್ಜಿಯಂನ ಯಾತ್ರಿಕರಿಗೆ ತಿಳಿಹೇಳಿದ್ದರು. ಜಗದ್ಗುರು ಇಪ್ಪತ್ತಮೂರನೇ ಜಾನ್‌ರವರು 1959ರಲ್ಲಿ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಹೀಗಳೆಯುವ ಪದವನ್ನು ತೆಗೆಸಿದರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ನಾಸ್ತ್ರಾ ಏತಾತೆ ಎಂಬ ಘೋಷಣೆಯನ್ನು ಹೊರಡಿಸಿತು. ಕ್ರಿಸ್ತರ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಅದು ಸಾರಿತು. 1986ರ ಏಪ್ರಿಲ್ 13ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಭೇಟಿ ನೀಡಿದರು. 2000ದ ಮಾರ್ಚ್‌ನಲ್ಲಿ ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ಕ್ಷಮಾಯಾಚನೆಯ ಚೀಟಿಯನ್ನಿಟ್ಟು ಪ್ರಾರ್ಥಿಸಿದರು.

ಇದರಿಂದ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ. ದೇವರ ವಾರ್ತೆ ಮನುಷ್ಯರಾದಾಗ ಹೆಸರಿಲ್ಲದ ಯಾವುದೋ ಜನರ ನಡುವೆ ಬರಲಿಲ್ಲ. ಒಂದು ನಾಡು, ಒಂದು ಭಾಷೆ, ಒಂದು ಒಡಂಬಡಿಕೆಯ ಜನರ ನಡುವೆ ಬಂದರು. ಭಾನುವಾರದ ಪೂಜೆಯಲ್ಲಿ ನಾವು ಹಾಡುವ ಅಲ್ಲೆಲೂಯ, ಹೊಸಾನ್ನಗಳೂ ಪ್ರಾರ್ಥನೆಯ ಕೊನೆಗೆ ಹೇಳುವ ಆಮೆನ್ ಎಂಬುದೂ ಅವರ ನಾಲಗೆಯ ಮೇಲಿದ್ದ ಮಾತುಗಳೇ. ವಾಚನಗಳ ನಡುವಿನ ಕೀರ್ತನೆಯೂ ಅವರು ಪ್ರಾರ್ಥಿಸಿದ ಗ್ರಂಥದಿಂದಲೇ ಬಂದದ್ದು. ಶುಭ ಶುಕ್ರವಾರದಂದು ಯೊವಾನ್ನರ ಶುಭಸಂದೇಶದ ಯಾತನಾ ವೃತ್ತಾಂತವನ್ನು ಆಲಿಸುವಾಗ ಯೆಹೂದ್ಯರೆಂಬ ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಶಿಲುಬೆಯ ಮೇಲಿರುವವರೂ ಯೆಹೂದ್ಯರೇ, ಅದರ ಬುಡದಲ್ಲಿ ನಿಂತಿರುವ ತಾಯಿಯೂ ಯೆಹೂದ್ಯಳೇ ಎಂಬುದನ್ನು ಆಗ ನಾವು ನೆನೆಯೋಣ. ಅಂದೇ ಧರ್ಮಸಭೆಯು ಆ ಜನಾಂಗಕ್ಕಾಗಿ ಸಲ್ಲಿಸುವ ಪ್ರಾರ್ಥನೆಯಲ್ಲಿ ಪೂರ್ಣ ಮನಸ್ಸಿನಿಂದ ಭಾಗಿಗಳಾಗೋಣ, ನಮ್ಮ ಮಕ್ಕಳಿಗೂ ಇದನ್ನು ಕಲಿಸೋಣ.