ವಿಜ್ಞಾನಕ್ಕೆ ಕನ್ನಡದ ನುಡಿಗೊಟ್ಟ ಬೆಳ್ಳಾವೆ ವೆಂಕಟನಾರಣಪ್ಪನವರು

ಕನ್ನಡ ವಿದ್ವಾಂಸರ ಸಾಲಿನಲ್ಲಿಯೂ ವಿಜ್ಞಾನದ ಅಧ್ಯಾಪಕರ ಸಾಲಿನಲ್ಲಿಯೂ ಸಮಾನವಾದ ಗೌರವಕ್ಕೆ ಪಾತ್ರರಾದವರು ವಿರಳ. ಅಂಥ ವಿರಳರಲ್ಲಿ ದಿವಂಗತ ಬೆಳ್ಳಾವೆ ವೆಂಕಟನಾರಣಪ್ಪನವರು ಅಗ್ರಗಣ್ಯರು. ಇಂದು ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಜೀವಕೋಶವನ್ನು ಕುರಿತು ಪಾಠ ಹೇಳುವ ಉಪಾಧ್ಯಾಯರು ತಿಳಿದೋ ತಿಳಿಯದೆಯೋ ನಡೆಯುತ್ತಿರುವುದು ಅವರೂ ಅವರ ಜೊತೆಗಾರರೂ ಕಡಿದ ಹಾದಿಯಲ್ಲಿ.

ತುಮಕೂರು ಸೀಮೆಯ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಬೆಳಗಿಸಿದ ಈ ಮಹನೀಯರು ಜನಿಸಿದ್ದು 1872ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಂದಿನ ಕಾಲೇಜಿನ ಬೋಧನೆಯೆಲ್ಲ ಇಂಗ್ಲಿಷಿನಲ್ಲಿ. ವಿಜ್ಞಾನವನ್ನು ಹೇಳುವ ಕಸುವು ಕನ್ನಡಕ್ಕೆ ಇಲ್ಲವೆಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿದ್ದ ಕಾಲವದು. ಆ ಭಾವನೆಗೆ ವಾದದಿಂದಲ್ಲ, ಬರವಣಿಗೆಯಿಂದ ಉತ್ತರ ಕೊಡಬೇಕೆಂದು ಅವರು ಮುಂದಾದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಪತ್ರಿಕೆ ನಡೆದದ್ದು ಎರಡು ವರ್ಷಗಳಷ್ಟೇ. ಅದು ಹಚ್ಚಿದ ದೀಪ ಮಾತ್ರ ಆರಲಿಲ್ಲ.

ಅವರ ‘ಜೀವವಿಜ್ಞಾನ’ ಗ್ರಂಥ ಪ್ರಕಟವಾದದ್ದು 1939ರಲ್ಲಿ. ಭೌತಶಾಸ್ತ್ರದ ಅಧ್ಯಾಪಕರು ಜೀವಿಗಳನ್ನು ಕುರಿತು ಬರೆದುದೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಈ ಎರಡು ಶಾಸ್ತ್ರಗಳೂ ಕೂಡುವ ಸಂಗಮಸ್ಥಾನವೇ ಜೀವಕೋಶ. ತಿಳಿನೀರಿಗೆ ಬಿದ್ದ ಒಂದು ಹನಿ ಶಾಯಿ ಯಾರೂ ಕದಡದೆಯೇ ಎಲ್ಲೆಡೆಗೂ ಹರಡುತ್ತದೆ. ಕಣಗಳು ನಿರಂತರವಾಗಿ ಚಲಿಸುತ್ತಿರುವುದರಿಂದ, ದಟ್ಟಣೆ ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಒಟ್ಟಾರೆ ಪ್ರಸಾರ ನಡೆಯುತ್ತದೆ. ಇದೇ ವಿಸರಣೆ. ಇದರ ನಿಯಮವನ್ನು 1855ರಲ್ಲಿ ನಿರೂಪಿಸಿದ ಜರ್ಮನಿಯ ಅಡಾಲ್ಫ್ ಫಿಕ್ ಶರೀರಕ್ರಿಯಾಶಾಸ್ತ್ರದ ಪಂಡಿತ. ಪ್ರಾಣವಾಯು ಜೀವಕೋಶದ ಪೊರೆಯನ್ನು ದಾಟಿ ಒಳಸೇರುವುದೂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದೂ ಈ ನಿಯಮದಂತೆಯೇ. ದೂರ ಹತ್ತು ಪಟ್ಟಾದರೆ ವಿಸರಣೆಗೆ ಬೇಕಾಗುವ ಕಾಲ ನೂರು ಪಟ್ಟಾಗುತ್ತದೆ; ಜೀವಕೋಶಗಳು ಸಾಮಾನ್ಯವಾಗಿ ಅತಿಸೂಕ್ಷ್ಮವಾಗಿರುವುದಕ್ಕೆ ಇದೂ ಒಂದು ಕಾರಣ. ಭೌತಶಾಸ್ತ್ರವನ್ನು ಬಲ್ಲವರು ಜೀವಶಾಸ್ತ್ರಕ್ಕೆ ಹೊರಗಿನವರಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವೆಂಕಟನಾರಣಪ್ಪನವರ ವಿದ್ವತ್ತಿಗೆ ಇನ್ನೊಂದು ಮುಖವಿತ್ತು. ಪಂಪಭಾರತವನ್ನು ಅವರು ಪರಿಷ್ಕರಿಸಿ ಸಿದ್ಧಪಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಅದನ್ನು 1931ರಲ್ಲಿ ಪ್ರಕಟಿಸಿತು. ಹಳಗನ್ನಡದ ಒಂದೊಂದು ಪಾಠವನ್ನೂ ತೂಗಿ ನೋಡಿದ ಕಣ್ಣೇ ವಿಜ್ಞಾನದ ಒಂದೊಂದು ಪದವನ್ನೂ ತೂಗಿ ನೋಡಿತು. 1937ರಲ್ಲಿ ಜಮಖಂಡಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದದ್ದು ಉಚಿತವೇ ಆಗಿತ್ತು. 1943ರಲ್ಲಿ ಅವರು ಕಾಲವಶರಾದರು.

ಅವರ ಬಾಳಿನ ಪಾಠ ಇಂದಿಗೂ ಸಲ್ಲುವಂಥದು. ಮಂಗಳೂರಿನ ಕುಲಶೇಖರದಂಥ ಸ್ಥಳದಲ್ಲಿ ತರಗತಿಗೆ ಬರುವ ಅನೇಕ ಮಕ್ಕಳ ಮನೆಮಾತು ತುಳು, ಇಲ್ಲವೇ ಕೊಂಕಣಿ. ಅವರಿಗೆ ಕನ್ನಡವೇ ಕಲಿತು ಬರಬೇಕಾದ ನುಡಿ. ಹೀಗಿರುವಾಗ ವಿಸರಣೆ, ಅಭಿಸರಣೆ ಎಂಬ ಪದಗಳನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ, ಪರೀಕ್ಷೆಯಲ್ಲಿ ಅಂಕ ಬಂದೀತು, ಅರಿವು ಬಾರದು. ಅದೇ ಉಪಾಧ್ಯಾಯರು ಕರಾವಳಿಯ ಮನೆಮನೆಯ ಉಪ್ಪುಸೊಳೆಯ ಭರಣಿಯನ್ನು ನೆನಪಿಸಲಿ. ಉಪ್ಪು ಬೆರಸಿಟ್ಟ ಹಲಸಿನ ಸೊಳೆ ನೀರು ಬಿಟ್ಟುಕೊಳ್ಳುವುದನ್ನು ಕಾಣದ ಮಗು ಅಲ್ಲಿಲ್ಲ. ಕೋಶದ ಪೊರೆಯನ್ನು ದಾಟಿ ನೀರು ಉಪ್ಪಿನ ದಟ್ಟಣೆಯಿರುವ ಕಡೆಗೆ ಬರುವುದು ಅಭಿಸರಣೆ. ಬಳಿಕ ಉಪ್ಪು ಮೆಲ್ಲಮೆಲ್ಲನೆ ಸೊಳೆಯ ಒಡಲಿಗೆ ಇಳಿಯುವುದು ವಿಸರಣೆ. ಕಂಡ ವಸ್ತುವಿಗೆ ಹೆಸರು ಬಂದಾಗ ಪದ ಹೊರೆಯಾಗದೆ ಬೆಳಕಾಗುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಸಾಧ್ಯವೇ ಎಂಬ ಪ್ರಶ್ನೆಗೆ ವೆಂಕಟನಾರಣಪ್ಪನವರು ತಮ್ಮ ಜೀವಮಾನದ ದುಡಿಮೆಯಿಂದಲೇ ಉತ್ತರ ಕೊಟ್ಟುಹೋದರು. ತರಗತಿಯಲ್ಲಿ ಹೇಗೆ ಹೇಳಬೇಕೆಂಬ ಪ್ರಶ್ನೆ ಉಳಿದಿದೆ. ಅದಕ್ಕೆ ಉತ್ತರ ಕೊಡಬೇಕಾದವರು ಇಂದಿನ ಉಪಾಧ್ಯಾಯರು. ಆ ಹೊಣೆಯನ್ನು ಶ್ರದ್ಧೆಯಿಂದ ಹೊರುವುದೇ ಆ ಹಿರಿಯ ಚೇತನಕ್ಕೆ ಸಲ್ಲಿಸಬಹುದಾದ ನಿಜವಾದ ಗೌರವ.