ತಂಡದ 387 ರನ್‌ನಲ್ಲಿ 309 ಇವರದ್ದೇ! ಸೋಲುವ ಪಂದ್ಯಗಳಲ್ಲಿ ಒಂಟಿಯಾಗಿ ನಿಂತ ವಿಜಯ್ ಹಜಾರೆ

ವಿಜಯ್ ಹಜಾರೆ ಟ್ರೋಫಿ ಎಂದರೆ ಕರ್ನಾಟಕದ ಕ್ರಿಕೆಟ್ ಅಭಿಮಾನಿಗಳಿಗೆ ಹೊಸದೇನಲ್ಲ. 2025ರ ಜನವರಿಯಲ್ಲಿ ಮಯಾಂಕ್ ಅಗರ್ವಾಲ್ ಬಳಗ ವಿದರ್ಭವನ್ನು 36 ರನ್‌ಗಳಿಂದ ಮಣಿಸಿ ಐದನೇ ಬಾರಿಗೆ ಈ ಕಪ್ ಎತ್ತಿತ್ತು. ಆ ಫೈನಲ್ ನಡೆದದ್ದು ವಡೋದರಾದಲ್ಲಿ, ಹಜಾರೆ ಅವರ ಕರ್ಮಭೂಮಿಯಲ್ಲಿ. ಆದರೆ ಕಪ್‌ನ ಮೇಲಿರುವ ಹೆಸರಿನ ಆಟಗಾರ ಎಂಥವರು ಎಂಬುದು ಇಂದಿನ ಎಷ್ಟು ಮಂದಿಗೆ ಗೊತ್ತು?

ಹಜಾರೆ ಹುಟ್ಟಿದ್ದು 1915ರ ಮಾರ್ಚ್ 11ರಂದು ಸಾಂಗ್ಲಿಯಲ್ಲಿ. ನಮ್ಮ ಕಾಗವಾಡ, ಅಥಣಿ ಕಡೆಯವರಿಗೆ ಅದು ಪಕ್ಕದ ಊರೇ. ಬ್ಯಾಟನ್ನು ಎರಡೂ ಪ್ಯಾಡ್‌ಗಳ ನಡುವೆ ಇಟ್ಟುಕೊಂಡು, ಹಿಡಿಯಲ್ಲಿ ಕೈಗಳನ್ನು ದೂರ ದೂರ ಇರಿಸಿ ನಿಲ್ಲುತ್ತಿದ್ದ ಅವರ ಭಂಗಿ ನೋಡಲು ಚೆಂದವಿರಲಿಲ್ಲ. ಆಸ್ಟ್ರೇಲಿಯಾದ ಸ್ಪಿನ್ ಮಾಂತ್ರಿಕ ಕ್ಲಾರಿ ಗ್ರಿಮೆಟ್ ಬಳಿ ಪಾಠ ಹೇಳಿಸಿಕೊಂಡರೂ ಆ ಭಂಗಿ ಬದಲಾಗಲಿಲ್ಲ. ರನ್ ಮಾತ್ರ ಹರಿಯುತ್ತಲೇ ಇತ್ತು. 1939–40ರ ರಣಜಿಯಲ್ಲಿ ಮಹಾರಾಷ್ಟ್ರ ಪರ ಪುಣೆಯಲ್ಲಿ ಅಜೇಯ 316. ಭಾರತೀಯನೊಬ್ಬ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ತ್ರಿಶತಕ ಬಾರಿಸಿದ್ದು ಅದೇ ಮೊದಲು. ಎದುರಾಳಿ ಯಾರು ಗೊತ್ತೇ? ಮುಂದೆ ಅವರದ್ದೇ ತಂಡವಾದ ಬರೋಡಾ!

ಅಣ್ಣ 309, ತಮ್ಮ 21

1943ರ ಡಿಸೆಂಬರ್. ಬಾಂಬೆಯಲ್ಲಿ ಪೆಂಟಾಂಗ್ಯುಲರ್ ಫೈನಲ್. ಧರ್ಮದ ಆಧಾರದಲ್ಲಿ ತಂಡಗಳನ್ನು ಕಟ್ಟುತ್ತಿದ್ದ ಟೂರ್ನಿ ಅದು. ಕ್ರೈಸ್ತರಾದ ಹಜಾರೆ ಆಡುತ್ತಿದ್ದುದು 'ರೆಸ್ಟ್' ತಂಡದಲ್ಲಿ, ಅಂದರೆ ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ತಂಡಗಳಿಗೆ ಸೇರದ ಉಳಿದವರ ತಂಡದಲ್ಲಿ. ಮುಸ್ಲಿಮರ ತಂಡದ ವಿರುದ್ಧ ಅವರು 248 ರನ್ ಗಳಿಸಿ ಬಂದಿದ್ದರು. ಫೈನಲ್‌ನಲ್ಲಿ ಹಿಂದೂ ತಂಡದ ವಿಜಯ್ ಮರ್ಚೆಂಟ್ ಅಜೇಯ 250 ಹೊಡೆದು ಅದನ್ನು ಹಿಂದಿಕ್ಕಿದರು. ಹಿಂದೂ ತಂಡ 5 ವಿಕೆಟ್‌ಗೆ 581. ರೆಸ್ಟ್ ತಂಡ 133ಕ್ಕೆ ಆಲೌಟ್, ಫಾಲೋ ಆನ್.

ಎರಡನೇ ಇನಿಂಗ್ಸ್‌ನಲ್ಲಿ ಹಜಾರೆ ಮತ್ತು ತಮ್ಮ ವಿವೇಕ್ 300 ರನ್ ಜೊತೆಯಾಟವಾಡಿದರು. ಅದರಲ್ಲಿ ವಿವೇಕ್ ಪಾಲು ಬರೀ 21! ಹಜಾರೆ 309ಕ್ಕೆ ಔಟಾದರು, ತಂಡ 387ಕ್ಕೆ ಆಲೌಟ್ ಆಯಿತು. ಪಂದ್ಯ ಇನಿಂಗ್ಸ್ ಮತ್ತು 61 ರನ್‌ಗಳಿಂದ ಕೈತಪ್ಪಿತು.

ಮಹಾಯುದ್ಧದ ಕಾರಣ ಟೆಸ್ಟ್ ಪಂದ್ಯಗಳೇ ಇಲ್ಲದೆ, 1946ರಲ್ಲಿ ಲಾರ್ಡ್ಸ್‌ನಲ್ಲಿ ಪದಾರ್ಪಣೆ ಮಾಡುವಾಗ ಹಜಾರೆಗೆ 31 ವರ್ಷ. ಎರಡು ವರ್ಷದ ಬಳಿಕ ಅಡಿಲೇಡ್‌ನಲ್ಲಿ ಬ್ರಾಡ್ಮನ್ ದ್ವಿಶತಕ ಬಾರಿಸಿದರು, ಆಸ್ಟ್ರೇಲಿಯಾ 674 ರನ್ ಪೇರಿಸಿತು. ಹಜಾರೆ ಮೊದಲ ಇನಿಂಗ್ಸ್‌ನಲ್ಲಿ 116, ಎರಡನೆಯದರಲ್ಲಿ 145 ಹೊಡೆದರು. ಒಂದೇ ಟೆಸ್ಟ್‌ನ ಎರಡೂ ಇನಿಂಗ್ಸ್‌ನಲ್ಲಿ ಶತಕ ಗಳಿಸಿದ ಮೊದಲ ಭಾರತೀಯ ಅವರು. ಎರಡನೇ ಇನಿಂಗ್ಸ್‌ನಲ್ಲಿ ಲಿಂಡ್ವಾಲ್ 7 ವಿಕೆಟ್ ಕಿತ್ತಿದ್ದರು, ಭಾರತದ ಆರು ಮಂದಿ ಸೊನ್ನೆ ಸುತ್ತಿದ್ದರು. 201 ರನ್ ಗಳಿಸಿದ್ದ ಬ್ರಾಡ್ಮನ್‌ರನ್ನು ಬೌಲ್ಡ್ ಮಾಡಿದವರೂ ಹಜಾರೆಯೇ. ಅಲ್ಲೂ ಭಾರತ ಸೋತಿತು.

1949ರಲ್ಲಿ ಬಾಂಬೆಯಲ್ಲಿ ವೆಸ್ಟ್ ಇಂಡೀಸ್ ಎದುರು ಗೆಲ್ಲಲು 361 ಬೇಕಿತ್ತು. ಹಜಾರೆ 122 ಗಳಿಸಿ ದಡದ ಹತ್ತಿರ ತಂದರು. ಭಾರತ 8 ವಿಕೆಟ್‌ಗೆ 355 ರನ್ ಗಳಿಸಿದ್ದಾಗ, ಕೇವಲ 6 ರನ್ ಬಾಕಿ ಇರುವಂತೆ ಆಟ ಮುಗಿಯಿತು.

ನಾಯಕತ್ವ ಭಾರವಾಯಿತೇ?

ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ಸಿಕ್ಕಿದ್ದು ಹಜಾರೆ ನಾಯಕತ್ವದಲ್ಲಿ, 1952ರ ಫೆಬ್ರವರಿಯಲ್ಲಿ ಮದ್ರಾಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ. ಆ ಪಂದ್ಯದ ಹೀರೊ 12 ವಿಕೆಟ್ ಕಿತ್ತ ವಿನೂ ಮಂಕಡ್. ಸಂಕೋಚದ ಸ್ವಭಾವದ ಹಜಾರೆಗೆ ನಾಯಕತ್ವ ಒಗ್ಗಲಿಲ್ಲ ಎನ್ನುವವರಿದ್ದಾರೆ. ಆದರೆ ನಾಯಕರಾದ ಮೊದಲೆರಡು ಟೆಸ್ಟ್‌ಗಳಲ್ಲೇ ಅಜೇಯ 164 ಮತ್ತು 155 ರನ್ ಗಳಿಸಿದ್ದರು. ಲೀಡ್ಸ್‌ನಲ್ಲಿ ಟ್ರೂಮನ್ ದಾಳಿಗೆ ಸಿಲುಕಿ ಭಾರತ ರನ್ ಖಾತೆ ತೆರೆಯುವ ಮುನ್ನವೇ 4 ವಿಕೆಟ್ ಕಳೆದುಕೊಂಡಾಗ, ದತ್ತು ಫಡ್ಕರ್ ಜತೆ 105 ರನ್ ಸೇರಿಸಿದವರೂ ಈ ನಾಯಕನೇ. ಹಾಗಿದ್ದರೂ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪಾಕಿಸ್ತಾನ ಸರಣಿಗೆ ಅಮರನಾಥ್ ನಾಯಕರಾದಾಗ ಹಜಾರೆ ಅಜೇಯ 146 ಹೊಡೆದರು. ಮತ್ತೆ ನಾಯಕರಾಗಿ 1953ರಲ್ಲಿ ವೆಸ್ಟ್ ಇಂಡೀಸ್‌ಗೆ ಹೋದಾಗ ಒಂದೂ ಶತಕ ಬರಲಿಲ್ಲ. ಅದೇ ಅವರ ಕೊನೆಯ ಸರಣಿ.

30 ಟೆಸ್ಟ್, 2,192 ರನ್, 7 ಶತಕ, 47.65 ಸರಾಸರಿ. ಪ್ರಥಮ ದರ್ಜೆಯಲ್ಲಿ 60 ಶತಕ, ಜೊತೆಗೆ 595 ವಿಕೆಟ್. 1960ರಲ್ಲಿ ಪದ್ಮಶ್ರೀ ಒಲಿಯಿತು.

ಗೆದ್ದ ಪಂದ್ಯದ ಕಥೆಯೂ ಒಂದಿದೆ. ಮಂಜಲ್‌ಪುರ, ಅಲ್ಕಾಪುರಿಯಂಥ ಬಡಾವಣೆಗಳೊಂದಿಗೆ ಇಂದು ಮಹಾನಗರವಾಗಿರುವ ವಡೋದರಾ ಆಗ ಗಾಯಕವಾಡರ ಸಂಸ್ಥಾನದ ರಾಜಧಾನಿ. 1947ರ ಮಾರ್ಚ್‌ನಲ್ಲಿ ಅಲ್ಲಿ ಹೋಳ್ಕರ್ ವಿರುದ್ಧ ರಣಜಿ ಫೈನಲ್. ಮೊದಲು ಬೌಲಿಂಗ್‌ನಲ್ಲಿ 6 ವಿಕೆಟ್ ಕಿತ್ತ ಹಜಾರೆ, ಬರೋಡಾ 3 ವಿಕೆಟ್‌ಗೆ 91 ರನ್ ಗಳಿಸಿದ್ದಾಗ ಗುಲ್ ಮೊಹಮ್ಮದ್ ಜತೆಗೂಡಿದರು. ಗುಲ್ 319, ಹಜಾರೆ 288. ಇಬ್ಬರೂ ಸೇರಿ ಕಲೆಹಾಕಿದ್ದು 577 ರನ್. ಬರೋಡಾ ಇನಿಂಗ್ಸ್ ಮತ್ತು 409 ರನ್‌ಗಳಿಂದ ಗೆದ್ದಿತು.

ಹಜಾರೆ 2004ರ ಡಿಸೆಂಬರ್ 18ರಂದು ವಡೋದರಾದಲ್ಲೇ ನಿಧನರಾದರು. ಆವರೆಗೂ ಪ್ರಥಮ ದರ್ಜೆಯ ಅತಿದೊಡ್ಡ ಜೊತೆಯಾಟ ಅದೇ ಆಗಿತ್ತು. 2006ರಲ್ಲಿ ಕೊಲಂಬೊದಲ್ಲಿ ಸಂಗಕ್ಕಾರ–ಜಯವರ್ಧನೆ 624 ರನ್ ಸೇರಿಸಿ ಅದನ್ನು ಮುರಿದರು. ಆದರೆ ನಾಲ್ಕನೇ ವಿಕೆಟ್‌ನ ದಾಖಲೆ ಇಂದಿಗೂ ಹಜಾರೆ–ಗುಲ್ ಜೋಡಿಯ ಹೆಸರಲ್ಲೇ ಇದೆ.